‘ಅಪರಿಚಿತ ಚಿಪ್’ ಎಂದು ಕಂಡರೆ ಅಲ್ಲಿಗೇ ಕೈಬಿಡಬೇಡಿ

ಮಾನ್ಯ ಸಂಪಾದಕರೇ,

ವಿಂಡೋಸ್ 10ಕ್ಕೆ ಸಿಗುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ಮನೆ, ಶಾಲೆ, ಸಣ್ಣ ಕಚೇರಿಗಳ ಕಂಪ್ಯೂಟರ್‌ಗಳಿಗೆ ಲಿನಕ್ಸ್ ಹಾಕಿಸಿಕೊಳ್ಳುವವರು ಹೆಚ್ಚಾಗಿದ್ದಾರೆ. ಹಾಕಿದ ಮೇಲೆ ಕೆಲವರಿಗೆ ಒಂದು ತೊಡಕು ಎದುರಾಗುತ್ತದೆ: ಫ್ಯಾನಿನ ವೇಗವೂ ಕಾಣದು, ಬೋರ್ಡಿನ ಬಿಸಿಯೂ ಕಾಣದು. ಸೆನ್ಸರ್ ಚಿಪ್ಪುಗಳನ್ನು ಹುಡುಕುವ ‘ಸೆನ್ಸರ್ಸ್-ಡಿಟೆಕ್ಟ್’ ಎಂಬ ಪ್ರೋಗ್ರಾಂ ಓಡಿಸಿದರೆ ‘ಅಪರಿಚಿತ ಚಿಪ್ ಸಿಕ್ಕಿದೆ’ ಎಂಬ ಒಂದು ಸಾಲು ಬರುತ್ತದೆ. ಅಂಗಡಿಯವರು ‘ಇದಕ್ಕೆ ಲಿನಕ್ಸ್‌ನಲ್ಲಿ ಸಪೋರ್ಟ್ ಇಲ್ಲ’ ಎಂದು ಕೈತೊಳೆದುಕೊಳ್ಳುತ್ತಾರೆ. ಆ ಸಾಲಿನ ಅರ್ಥ ಅದಲ್ಲ. ಚಿಪ್ ಉತ್ತರ ಕೊಟ್ಟಿದೆ, ತನ್ನ ಗುರುತಿನ ಸಂಖ್ಯೆಯನ್ನೂ ಹೇಳಿದೆ, ಪಟ್ಟಿಯಲ್ಲಿ ಅದರ ಹೆಸರು ಮಾತ್ರ ಇಲ್ಲ ಎಂದಷ್ಟೇ ಅದರ ಅರ್ಥ. ಆ ಸಂಖ್ಯೆಯಿಂದ ಮುಂದೆ ಏನು ಮಾಡಬೇಕು, ಏನು ಮಾಡಬಾರದು ಎಂಬುದು ಕನ್ನಡದಲ್ಲಿ ಸರಿಯಾಗಿ ಸಿಗದ ಕಾರಣ ಈ ಪತ್ರ.

ಡೆಸ್ಕ್‌ಟಾಪ್ ಬೋರ್ಡಿನಲ್ಲಿ ಫ್ಯಾನ್, ವೋಲ್ಟೇಜ್, ಉಷ್ಣಾಂಶ ನೋಡಿಕೊಳ್ಳುವ ಕೆಲಸ ಸಾಮಾನ್ಯವಾಗಿ ಸೂಪರ್ ಐಓ ಎಂಬ ಚಿಪ್ಪಿನದು. ಕೀಬೋರ್ಡ್, ಸೀರಿಯಲ್ ಪೋರ್ಟ್‌ಗಳೂ ಅದರೊಳಗೇ ಇರುತ್ತವೆ. ಹೆಚ್ಚಾಗಿ 128 ಕಾಲಿನ ಚೌಕ ಚಿಪ್, ಬೋರ್ಡಿನ ಅಂಚಿನ ಬಳಿ ಕೂತಿರುತ್ತದೆ. ನುವೋಟಾನ್, ಐಟಿಇ, ಫಿನ್‌ಟೆಕ್ ಈಗ ಹೆಚ್ಚು ಕಾಣುವ ಹೆಸರುಗಳು. ಹಳೆಯ ಬೋರ್ಡುಗಳಲ್ಲಿ ವಿನ್‌ಬಾಂಡ್ ಸಿಗುತ್ತದೆ. 2008ರಲ್ಲಿ ವಿನ್‌ಬಾಂಡ್‌ನಿಂದ ಬೇರೆಯಾದದ್ದೇ ನುವೋಟಾನ್. ಹಾಗಾಗಿ ನುವೋಟಾನ್ ಚಿಪ್ಪುಗಳು ತಯಾರಕರ ಗುರುತಾಗಿ ಇಂದಿಗೂ ವಿನ್‌ಬಾಂಡ್‌ನ 5ಸಿಎ3 ಎಂಬ ಸಂಖ್ಯೆಯನ್ನೇ ಹೇಳುತ್ತವೆ. ಈ ಪತ್ರದ ಗುರುತು ಸಂಖ್ಯೆ, ವಿಳಾಸಗಳೂ ಚಿಪ್ಪಿಗೆ ಬರೆಯುವ, ಅದರಿಂದ ಓದುವ ಬೈಟುಗಳೂ ಹೆಕ್ಸ್ ಎಣಿಕೆಯವು, ಅಂದರೆ 0ಯಿಂದ 9ರ ಜೊತೆಗೆ ಎಯಿಂದ ಎಫ್‌ವರೆಗಿನ ಅಕ್ಷರಗಳೂ ಅಂಕಿಗಳಾಗುವ 16ರ ಎಣಿಕೆ.

ಮೊದಲ ಕೆಲಸ, ವಿದ್ಯುತ್ ತೆಗೆದು ಕೇಸ್ ಬಿಚ್ಚಿ ಚಿಪ್ಪಿನ ಮೈಮೇಲಿನ ಬರಹ ಓದುವುದು. ಬೆಳಕು ನೇರವಾಗಿ ಬಿದ್ದರೆ ಅಕ್ಷರ ಕಾಣುವುದಿಲ್ಲ. ಟಾರ್ಚನ್ನು ಓರೆಯಾಗಿ ಹಿಡಿದು, ಭೂತಗನ್ನಡಿಯಲ್ಲಿ ನೋಡಿ ಅಥವಾ ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ. ಧೂಳಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ. ಮಾಡೆಲ್ ಸಂಖ್ಯೆಯ ಕೆಳಗಿನ ಸಾಲುಗಳು ತಯಾರಾದ ವಾರ, ಲಾಟ್ ಹೇಳುವಂಥವು, ಗುರುತಿಗೆ ಬೇಕಿಲ್ಲ. ಆದರೆ ಮಾಡೆಲ್ ಸಂಖ್ಯೆಯ ಕೊನೆಯ ಅಕ್ಷರವನ್ನು ಬಿಡಬೇಡಿ. ಒಂದೇ ಸಂಖ್ಯೆಯ ಮುಂದೆ ‘ಡಿ’ ಇದ್ದದ್ದಕ್ಕೂ ‘ಡಿ-ಎಸ್’ ಇದ್ದದ್ದಕ್ಕೂ ಒಳಗಿನ ವ್ಯವಸ್ಥೆ ಬೇರೆಯಾಗಿರಬಹುದು.

ಇನ್ನು ಸಾಫ್ಟ್‌ವೇರ್ ಕಡೆಯಿಂದ. ಸೂಪರ್ ಐಓ ಚಿಪ್ 2ಇ–2ಎಫ್ ಅಥವಾ 4ಇ–4ಎಫ್ ಎಂಬ ಜೋಡಿ ಪೋರ್ಟಿನಲ್ಲಿ (ಪ್ರಾಸೆಸರ್ ಚಿಪ್ಪಿನೊಡನೆ ಮಾತಾಡುವ ವಿಳಾಸ) ಕೂತಿರುತ್ತದೆ. ಅದರ ಬಾಗಿಲು ಮುಚ್ಚಿರುತ್ತದೆ, ಒಂದೊಂದು ಕಂಪನಿಗೆ ಒಂದೊಂದು ಕೀಲಿ. ನುವೋಟಾನ್, ವಿನ್‌ಬಾಂಡ್, ಫಿನ್‌ಟೆಕ್‌ಗೆ 87 ಎಂದು ಎರಡು ಸಲ ಬರೆದರೆ ತೆರೆಯುತ್ತದೆ. ಐಟಿಇಗೆ 87, 01, 55, ಆಮೇಲೆ ಮೊದಲ ಜೋಡಿಯಾದರೆ 55, ಎರಡನೆಯದಾದರೆ ಎಎ. ಎಸ್‌ಎಂಎಸ್‌ಸಿಗೆ 55 ಒಂದೇ ಸಾಕು. ತೆರೆದ ಮೇಲೆ 20 ಮತ್ತು 21ನೇ ರಿಜಿಸ್ಟರುಗಳಲ್ಲಿ (ಚಿಪ್ಪಿನೊಳಗಿನ ಒಂದೊಂದು ಬೈಟಿನ ಮನೆಗಳು) ಎರಡು ಬೈಟಿನ ಗುರುತು ಸಿಗುತ್ತದೆ. ಸೆನ್ಸರ್ಸ್-ಡಿಟೆಕ್ಟ್ ಮಾಡುವುದೂ ಇದನ್ನೇ. ಹಾಗಾಗಿ ಅದು ಯಾವ ಕುಟುಂಬದ ಹೆಸರಿನ ಮುಂದೆ ‘ಯೆಸ್’ ಎಂದಿತು ಎಂಬುದು ಸಂಖ್ಯೆಯಷ್ಟೇ ಮುಖ್ಯ. ಯಾವ ಕೀಲಿಗೆ ಬಾಗಿಲು ತೆರೆಯಿತು ಎಂದು ಅದರಿಂದ ಗೊತ್ತಾಗುತ್ತದೆ. ಸಹಾಯ ಕೇಳುವಾಗ ಕೊನೆಯ ಸಾಲು ಮಾತ್ರ ಕತ್ತರಿಸಿ ಕಳಿಸುವವರು ಈ ಮಾಹಿತಿಯನ್ನೇ ಎಸೆದಿರುತ್ತಾರೆ. ಪ್ರಶ್ನೆಗಳಿಗೆ ದೊಡ್ಡಕ್ಷರದಲ್ಲಿರುವ ಉತ್ತರ ಒಪ್ಪಿ ಎಂಟರ್ ಒತ್ತುತ್ತ ಹೋಗಿ, ಇಡೀ ಔಟ್‌ಪುಟ್ ಒಂದು ಫೈಲಿಗೆ ಉಳಿಸಿ.

ಒಂದು ನಿಜವಾದ ಉದಾಹರಣೆ ಹಿಡಿದು ನೋಡೋಣ. ಔಟ್‌ಪುಟ್‌ನಲ್ಲಿ ವಿನ್‌ಬಾಂಡ್-ನುವೋಟಾನ್ ಕುಟುಂಬಕ್ಕೆ ಯೆಸ್, ಗುರುತು ಡಿ802, ಚಿಪ್ಪಿನೊಳಗಿನ ‘ಬಿ’ ಘಟಕದ ವಿಳಾಸ 290, ಇದು ಸೆನ್ಸರ್ ಇರಬಹುದು ಎಂದಿದೆ ಅಂದುಕೊಳ್ಳಿ. ಗುರುತಿನ ಕೊನೆಯ ಮೂರು ಬಿಟ್‌ಗಳು ಚಿಪ್ಪಿನ ಪರಿಷ್ಕರಣೆಯವು. ಲಿನಕ್ಸ್‌ನ ತಿರುಳಾದ ಕರ್ನಲ್ಲಿನಲ್ಲಿ ಚಿಪ್ಪಿನೊಡನೆ ಮಾತಾಡುವ ಭಾಗವಾದ ಡ್ರೈವರ್ ಅವನ್ನು ಎಫ್‌ಎಫ್‌ಎಫ್8 ಎಂಬ ಮಾಸ್ಕ್ (ಬೇಡದ ಬಿಟ್‌ಗಳನ್ನು ಸೊನ್ನೆ ಮಾಡುವ ಸಂಖ್ಯೆ) ಹಾಕಿ ತೆಗೆದುಹಾಕುತ್ತದೆ. ಡಿ802 ಆಗ ಡಿ800 ಆಗುತ್ತದೆ. ಅದು ಎನ್‌ಸಿಟಿ6799ಡಿ ಕುಟುಂಬ. ಕೊನೆಯ ಅಂಕಿಯನ್ನು ಪೂರ್ತಿ ಬಿಟ್ಟುಬಿಟ್ಟರೆ ಆಗದೇ ಎಂದು ಕೇಳುವವರಿದ್ದಾರೆ. ಆಗದು. ಎನ್‌ಸಿಟಿ6796ಡಿಯ ಗುರುತು ಡಿ420, ಎನ್‌ಸಿಟಿ6798ಡಿಯದು ಡಿ428. ಒಂದು ಹೆಕ್ಸ್ ಅಂಕಿ ಅಂದರೆ ನಾಲ್ಕು ಬಿಟ್, ಎರಡರ ನಡುವಿನ ವ್ಯತ್ಯಾಸ ಆ ಕೊನೆಯ ಅಂಕಿಯ ಅತಿ ಮೇಲಿನ ಒಂದೇ ಬಿಟ್‌ನಲ್ಲಿದೆ. ನಾಲ್ಕು ಬಿಟ್ ಬಿಟ್ಟರೆ ಎರಡೂ ಒಂದೇ ಆಗಿ ಕಾಣುತ್ತವೆ. ಡಿ42ಬಿ ಎಂದು ಬಂದರೆ 6798, ಡಿ423 ಎಂದು ಬಂದರೆ 6796.

ಈಗ ಮುಖ್ಯ ವಿಷಯ. 6799ಕ್ಕೆ ಬೆಂಬಲ ‘ಎನ್‌ಸಿಟಿ6775’ ಎಂಬ ಡ್ರೈವರಿನಲ್ಲಿ 2023ರಲ್ಲೇ ಸೇರಿದೆ. ಆದರೆ ಸೆನ್ಸರ್ಸ್-ಡಿಟೆಕ್ಟ್ ಕರ್ನಲ್ಲಿನ ಭಾಗವಲ್ಲ, ತನ್ನದೇ ಪಟ್ಟಿ ಇಟ್ಟುಕೊಂಡ ಬೇರೆಯೇ ಪರ್ಲ್ ಸ್ಕ್ರಿಪ್ಟ್. 2019ರಲ್ಲಿ ಬಂದ ಅದರ 3.6.0 ಆವೃತ್ತಿಯೇ ಎಷ್ಟೋ ಲಿನಕ್ಸ್ ವಿತರಣೆಗಳಲ್ಲಿ ವರ್ಷಗಟ್ಟಲೆ ಉಳಿದಿತ್ತು. ಸ್ಕ್ರಿಪ್ಟಿಗೆ ಗೊತ್ತಿಲ್ಲದ ಚಿಪ್ ಕರ್ನಲ್ಲಿಗೆ ಗೊತ್ತಿರುವುದು ಹೀಗಾಗಿಯೇ ತೀರಾ ಸಾಮಾನ್ಯ. ‘ಅಪರಿಚಿತ’ ಎಂದು ಬಂದ ಕೂಡಲೇ ಮಾಡ್‌ಪ್ರೋಬ್ ಆಜ್ಞೆಯ ಮೂಲಕ ಆ ಕುಟುಂಬದ ಡ್ರೈವರ್ ಲೋಡ್ ಮಾಡಿ, ಡಿಮೆಸೇಜ್ (ಕರ್ನಲ್ಲಿನ ಸಂದೇಶಗಳ ಪಟ್ಟಿ) ನೋಡಿ. ನುವೋಟಾನ್‌ಗೆ ಎನ್‌ಸಿಟಿ6775, ಐಟಿಇಗೆ ಐಟಿ87, ಫಿನ್‌ಟೆಕ್‌ಗೆ ಎಫ್71882ಎಫ್‌ಜಿ. ಚಿಪ್ಪಿನ ಹೆಸರಿನೊಂದಿಗೆ ‘2ಇ:290ರಲ್ಲಿ ಸಿಕ್ಕಿತು’ ಎಂಬರ್ಥದ ಸಾಲು ಬಂದರೆ ಕೆಲಸ ಮುಗಿಯಿತು, ಆ ಡ್ರೈವರಿನ ಹೆಸರನ್ನು ಬೂಟ್ ಆಗುವಾಗ ಲೋಡ್ ಆಗಬೇಕಾದವುಗಳ ಪಟ್ಟಿಗೆ ಸೇರಿಸಿದರಾಯಿತು. ಕರ್ನಲ್ ಹಳೆಯದಾಗಿದ್ದರೆ ಹೊಸ ಕರ್ನಲ್ಲಿನ ಲೈವ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಇದನ್ನೇ ಪರೀಕ್ಷಿಸಿ. ಡಿಸ್ಕಿನಲ್ಲಿ ಏನನ್ನೂ ಮುಟ್ಟಬೇಕಿಲ್ಲ.

ಸಮಸ್ಯೆಯನ್ನು ತಪ್ಪಾಗಿ ಹೆಸರಿಸುವುದರಿಂದಲೂ ತುಂಬಾ ಸಮಯ ಹಾಳಾಗುತ್ತದೆ. ಚಿಪ್ ಗುರುತು ಸಿಕ್ಕಿದೆ, ಡ್ರೈವರ್ ಮಾತ್ರ ‘ಡಿವೈಸ್ ಆರ್ ರಿಸೋರ್ಸ್ ಬ್ಯುಸಿ’ (ಬೇರೆಯವರ ಬಳಕೆಯಲ್ಲಿದೆ) ಎನ್ನುತ್ತಿದೆ, ಡಿಮೆಸೇಜಿನಲ್ಲಿ 295–296 ಪೋರ್ಟಿನ ಬಗ್ಗೆ ಎಸಿಪಿಐ ಎಚ್ಚರಿಕೆ ಇದೆ ಎಂದರೆ ಅದು ಅಪರಿಚಿತ ಚಿಪ್ಪಿನ ಪ್ರಶ್ನೆಯೇ ಅಲ್ಲ. ಬೋರ್ಡಿನಲ್ಲೇ ಇರುವ ಆರಂಭಿಕ ಪ್ರೋಗ್ರಾಂ ಆದ ಬಯಾಸ್‌ನ ಎಸಿಪಿಐ ಕೋಡ್ (ವಿದ್ಯುತ್ತನ್ನೂ ಯಂತ್ರಾಂಶವನ್ನೂ ನೋಡಿಕೊಳ್ಳುವ ಭಾಗ) ಅದೇ ಪೋರ್ಟ್‌ಗಳನ್ನು ತನ್ನದೆಂದು ಹೇಳಿಕೊಂಡಿದೆ. 290ಕ್ಕೆ 5 ಕೂಡಿಸಿದ್ದು ವಿಳಾಸದ ಪೋರ್ಟ್, 6 ಕೂಡಿಸಿದ್ದು ಡೇಟಾ ಪೋರ್ಟ್. ಡ್ರೈವರ್ ವಿಳಾಸ ಬರೆದು ಇನ್ನೇನು ಓದಬೇಕು ಎನ್ನುವಷ್ಟರಲ್ಲಿ ಎಸಿಪಿಐ ಕೋಡ್ ನಡುವೆ ಬಂದು ಬೇರೆ ವಿಳಾಸ ಬರೆದರೆ, ಓದುವುದು ಇನ್ಯಾವುದೋ ರಿಜಿಸ್ಟರನ್ನು. ಬರೆಯುವ ಕ್ಷಣದಲ್ಲಿ ಹೀಗಾದರೆ ಫ್ಯಾನಿನ ವೇಗ ಹೋಗಬೇಕಾದ ಬೈಟ್ ಬೇರೆಲ್ಲೋ ಹೋಗಿ ಕೂರುತ್ತದೆ. ಬೂಟ್ ಆಗುವಾಗ ಕರ್ನಲ್ಲಿಗೆ ಕೊಡುವ ಆಯ್ಕೆಗಳ ಸಾಲಿಗೆ ‘ಎಸಿಪಿಐ ಎನ್‌ಫೋರ್ಸ್ ರಿಸೋರ್ಸಸ್ ಲ್ಯಾಕ್ಸ್’ ಎಂಬುದನ್ನು ಹಾಕಿದರೆ ಈ ತಡೆ ಇಡೀ ಯಂತ್ರಕ್ಕೇ ಹೋಗಿಬಿಡುತ್ತದೆ. ಪರೀಕ್ಷೆಗೆ ಒಂದು ಸಲ ಬಳಸಿ, ಶಾಶ್ವತವಾಗಿ ಇಟ್ಟುಕೊಳ್ಳಬೇಡಿ. ಈಚಿನ ಐಟಿ87 ಡ್ರೈವರಿನಲ್ಲಿ ಅದೊಂದಕ್ಕೆ ಮಾತ್ರ ಅನ್ವಯವಾಗುವ ಇಗ್ನೋರ್ ರಿಸೋರ್ಸ್ ಕಾನ್‌ಫ್ಲಿಕ್ಟ್ ಎಂಬ ಆಯ್ಕೆ ಇದೆ, ಅದು ಇದಕ್ಕಿಂತ ವಾಸಿ.

ಸೆಕ್ಯೂರ್ ಬೂಟ್ (ಸಹಿ ಇರುವ ಸಾಫ್ಟ್‌ವೇರ್ ಮಾತ್ರ ಬೂಟ್ ಆಗಲು ಬಿಡುವ ವ್ಯವಸ್ಥೆ) ಚಾಲೂ ಇರುವ ಯಂತ್ರದಲ್ಲಿ ಕರ್ನಲ್ ಲಾಕ್‌ಡೌನ್ ಇದ್ದರೆ ಪೋರ್ಟ್‌ಗಳನ್ನು ನೇರವಾಗಿ ಓದಲು ಬಿಡುವುದೇ ಇಲ್ಲ. ಆಗ ಸೂಪರ್ ಐಓ ಸಿಗಲಿಲ್ಲ ಎಂದರೆ ಚಿಪ್ಪೇ ಇಲ್ಲವೆಂದು ತಿಳಿಯಬೇಡಿ. ಪರೀಕ್ಷೆಯ ಹೊತ್ತಿಗೆ ಸೆಕ್ಯೂರ್ ಬೂಟ್ ಆರಿಸಿ, ಮುಗಿದ ಮೇಲೆ ಮತ್ತೆ ಹಾಕಿ. ಲ್ಯಾಪ್‌ಟಾಪ್‌ಗಳಲ್ಲಿ ಈ ಕೆಲಸವನ್ನು ಎಂಬೆಡೆಡ್ ಕಂಟ್ರೋಲರ್ ಎಂಬ ಬೇರೆ ಚಿಪ್ ಮಾಡುವುದರಿಂದ ಅಲ್ಲಿ ಏನೂ ಸಿಗದಿರುವುದು ಮಾಮೂಲಿ.

ಐಟಿಇ ಚಿಪ್ಪುಗಳ ವಿಷಯಕ್ಕೆ ಬರೋಣ, ಹೆಚ್ಚು ಗೊಂದಲ ಇಲ್ಲಿಯೇ. ಹೆಚ್ಚಿನವುಗಳಲ್ಲಿ ಮೈಮೇಲಿನ ಸಂಖ್ಯೆಯೂ ರಿಜಿಸ್ಟರಿನ ಗುರುತೂ ಒಂದೇ: ಐಟಿ8728 ಎಂದು ಅಚ್ಚಾಗಿದ್ದರೆ ಒಳಗೂ 8728. ಆದರೆ ಐಟಿ8792 ಎಂದು ಅಚ್ಚಾದ ಚಿಪ್ 8733 ಎಂದು ಉತ್ತರಿಸುತ್ತದೆ. ಐಟಿ87952 ಹೇಳುವುದು 8695 ಎಂದು. ರಿಜಿಸ್ಟರ್ ಮಾತ್ರ ನೋಡಿದವರು ಇಲ್ಲದ ಚಿಪ್ಪನ್ನು ಹುಡುಕುತ್ತ ಕೂರುತ್ತಾರೆ, ಅಚ್ಚು ಮಾತ್ರ ನೋಡಿದವರಿಗೆ ಡ್ರೈವರಿನ ಕೋಡಿನಲ್ಲಿ ಆ ಸಂಖ್ಯೆ ಸಿಗುವುದಿಲ್ಲ. ಎರಡನ್ನೂ ಬರೆದುಕೊಳ್ಳಿ ಎಂದು ಒತ್ತಿ ಹೇಳುವುದು ಇದಕ್ಕೇ. ಕೆಲವು ಗಿಗಾಬೈಟ್ ಬೋರ್ಡುಗಳಲ್ಲಿ 2ಇಯಲ್ಲಿ ಒಂದು, 4ಇಯಲ್ಲಿ ಇನ್ನೊಂದು, ಹೀಗೆ ಎರಡು ಐಟಿಇ ಚಿಪ್ಪುಗಳೇ ಇರುತ್ತವೆ. ಒಂದು ಸಿಕ್ಕಿತೆಂದು ನಿಲ್ಲಿಸಿದರೆ ಅರ್ಧ ಫ್ಯಾನ್‌ಗಳು ಕಾಣದೇ ಉಳಿಯುತ್ತವೆ.

ಕರ್ನಲ್ಲಿಗೂ ಗೊತ್ತಿಲ್ಲದ ಚಿಪ್ಪಾದರೆ ರಿಜಿಸ್ಟರುಗಳ ಡಂಪ್, ಅಂದರೆ ಅವುಗಳಲ್ಲಿರುವ ಬೈಟುಗಳ ಪೂರ್ತಿ ಪಟ್ಟಿ ಬೇಕು. ಕೋರ್‌ಬೂಟ್ ಯೋಜನೆಯ ‘ಸೂಪರ್‌ಐಓಟೂಲ್’ ಸಂರಚನೆಯ ರಿಜಿಸ್ಟರುಗಳನ್ನು ಓದಿಕೊಡುತ್ತದೆ. 07ನೇ ರಿಜಿಸ್ಟರಿನಲ್ಲಿ ಘಟಕ ಆರಿಸಿದರೆ (ನುವೋಟಾನ್‌ನಲ್ಲಿ ಸೆನ್ಸರ್ ಘಟಕ 0ಬಿ, ಐಟಿಇ ಮತ್ತು ಫಿನ್‌ಟೆಕ್‌ನಲ್ಲಿ 04) 30ರಲ್ಲಿ ಅದು ಚಾಲೂ ಇದೆಯೇ ಎಂದೂ 60–61ರಲ್ಲಿ ಅದರ ಮೂಲ ವಿಳಾಸವೂ ಸಿಗುತ್ತವೆ. ಐಟಿಇಯಲ್ಲಿ ಆ ವಿಳಾಸ ಎ30 ಎಂದು ಬಂತು ಎನ್ನಿ. ‘ಐಸಾಡಂಪ್’ ಆಜ್ಞೆಗೆ ಎ35, ಎ36 ಕೊಟ್ಟರೆ ಸೆನ್ಸರಿನ 256 ರಿಜಿಸ್ಟರುಗಳು ಸಾಲಾಗಿ ಬರುತ್ತವೆ. ಇಲ್ಲಿ ಎರಡು ಎಚ್ಚರ ಬೇಕು. ಓದಬೇಕಾದರೂ ವಿಳಾಸದ ಪೋರ್ಟಿಗೆ ಬರೆಯಲೇಬೇಕು, ಆದ್ದರಿಂದ ಬೇರೆ ಡ್ರೈವರ್ ಲೋಡ್ ಆಗಿದ್ದರೆ ಮೊದಲು ತೆಗೆಯಿರಿ. ಎಚ್ಚರಿಕೆಯ ಸ್ಥಿತಿ ತೋರಿಸುವ ಕೆಲವು ರಿಜಿಸ್ಟರುಗಳು ಓದಿದೊಡನೆ ಅಳಿದುಹೋಗುತ್ತವೆ, ಎರಡನೇ ಡಂಪಿನಲ್ಲಿ ಅವು ಬದಲಾದರೆ ಗಾಬರಿ ಬೇಡ.

ಡಂಪ್ ಓದುವ ಬಗೆಯನ್ನು ಐಟಿ8728ರಲ್ಲಿ ತೋರಿಸುತ್ತೇನೆ, ಹೊಸ ಐಟಿಇ ಚಿಪ್ಪಿಗೆ ಹೋಲಿಸಿ ನೋಡಲು ಇದೇ ಒಳ್ಳೆಯ ಅಳತೆಗೋಲು. 58ನೇ ರಿಜಿಸ್ಟರಿನಲ್ಲಿ 90 ಇದ್ದರೆ ಐಟಿಇಯ ಸೆನ್ಸರ್ ಘಟಕವೇ ಹೌದು. ಮೊದಲ ಫ್ಯಾನಿನ ಕೆಳಗಿನ ಬೈಟ್ 0ಡಿಯಲ್ಲಿ, ಮೇಲಿನದು 18ರಲ್ಲಿ. 0ಡಿಯಲ್ಲಿ 66, 18ರಲ್ಲಿ 02 ಇದ್ದರೆ ಕೂಡಿ 0266, ಅಂದರೆ ದಶಮಾನದಲ್ಲಿ 614. ಫ್ಯಾನಿನ ವೇಗ 13,50,000ವನ್ನು 614ರ ಎರಡರಷ್ಟರಿಂದ ಭಾಗಿಸಿದಷ್ಟು: ನಿಮಿಷಕ್ಕೆ 1,099 ಸುತ್ತು. ಬಯಾಸ್ ಪುಟದಲ್ಲಿ ಸುಮಾರು 1,100 ಕಂಡಿದ್ದರೆ ರಿಜಿಸ್ಟರ್ ಸರಿ, ಸೂತ್ರವೂ ಸರಿ. ಉಷ್ಣಾಂಶ 29ರಿಂದ ಶುರು. ಅಲ್ಲಿ 2ಬಿ ಇದ್ದರೆ 43 ಡಿಗ್ರಿ, 80 ಇದ್ದರೆ ಮೈನಸ್ 128, ಅಂದರೆ ಆ ಕಾಲಿಗೆ ಸೆನ್ಸರ್ ಜೋಡಿಸಿಲ್ಲ. 28ರಲ್ಲಿ ಸಿಮಾಸ್ ಬ್ಯಾಟರಿ, ಅಂದರೆ ಬೋರ್ಡಿನ ಮೇಲಿನ ಗುಂಡಿ ಬ್ಯಾಟರಿಯ ವೋಲ್ಟೇಜ್. ಈ ಚಿಪ್ಪಿನ ಒಂದು ಮೆಟ್ಟಿಲು 12 ಮಿಲಿವೋಲ್ಟ್, ಬ್ಯಾಟರಿ ಒಳಗೇ ಅರ್ಧಕ್ಕಿಳಿದು ಬರುವುದರಿಂದ 24. ಹೆಕ್ಸ್ 80 ಅಂದರೆ 128, ಅದನ್ನು 24ರಿಂದ ಗುಣಿಸಿದರೆ 3.072 ವೋಲ್ಟ್. ಗುಂಡಿ ಬ್ಯಾಟರಿಗೆ ಮಲ್ಟಿಮೀಟರ್ ಇಟ್ಟು ತಾಳೆ ನೋಡಿ. ಬೋರ್ಡಿನ ವೋಲ್ಟೇಜ್‌ಗಳಲ್ಲಿ ಇಷ್ಟು ಸುಲಭವಾಗಿ ಹೊರಗಿನಿಂದ ಅಳೆದು ಖಚಿತಪಡಿಸಬಹುದಾದದ್ದು ಇನ್ನೊಂದಿಲ್ಲ.

12 ವೋಲ್ಟ್ ಹಾಗಲ್ಲ. ಚಿಪ್ಪಿನ ಕಾಲಿಗೆ ಅಷ್ಟು ವೋಲ್ಟೇಜ್ ತಡೆಯದು, ಬೋರ್ಡ್ ಮಾಡಿದವರು ಎರಡು ರೆಸಿಸ್ಟರ್ ಹಾಕಿ ಇಳಿಸಿರುತ್ತಾರೆ. ಹಳೆಯ ಡಬ್ಲ್ಯೂ83627ಎಚ್‌ಎಫ್‌ನಲ್ಲಿ ಅದು 28 ಕಿಲೋಓಮ್, 10 ಕಿಲೋಓಮ್. ಹಾಗಾಗಿ ಓದಿದ 3.16ನ್ನು 3.8ರಿಂದ ಗುಣಿಸಿದರೆ 12 ಸಿಗುತ್ತದೆ. ಬೇರೆ ಬೋರ್ಡಿನಲ್ಲಿ ಈ ರೆಸಿಸ್ಟರುಗಳು ಬೇರೆ. ‘12 ವೋಲ್ಟ್ ಇರಬೇಕಾದಲ್ಲಿ 1.8 ತೋರಿಸುತ್ತಿದೆ, ಡ್ರೈವರ್ ಕೆಟ್ಟಿದೆ’ ಎಂದು ದೂರುವವರು ಇದನ್ನು ಗಮನಿಸಬೇಕು. ಇದನ್ನು ಸರಿಮಾಡುವುದು ಡ್ರೈವರಿನ ಕೆಲಸವಲ್ಲ, ಸೆನ್ಸರ್ಸ್ ಕಾನ್ಫಿಗ್ ಫೈಲಿನ ‘ಕಂಪ್ಯೂಟ್’ ಸಾಲಿನದು.

ಡಂಪ್ ಒಂದೇ ಸಾಲದು. ಯಂತ್ರ ಸುಮ್ಮನಿದ್ದಾಗ ಒಂದು, ಹತ್ತು ನಿಮಿಷ ಪ್ರಾಸೆಸರ್ ದುಡಿಸಿದ ಮೇಲೆ ಒಂದು, ಕೇಸಿನ ಒಂದು ಫ್ಯಾನ್ ಕಿತ್ತು ಮತ್ತೆ ಚಾಲೂ ಮಾಡಿದಾಗ ಒಂದು ತೆಗೆಯಿರಿ. ಪ್ರಾಸೆಸರಿನ ಫ್ಯಾನ್ ಮಾತ್ರ ಕೀಳಬೇಡಿ. ಬದಲಾದ ಬೈಟುಗಳೇ ಅಳತೆಗಳು, ಬದಲಾಗದವು ಮಿತಿಗಳೋ ಸಂರಚನೆಯೋ ಆಗಿರುತ್ತವೆ. ಪ್ರತಿ ಡಂಪಿಗೂ ಹತ್ತಿರದ ಹೊತ್ತಿನಲ್ಲಿ ಬಯಾಸ್ ಪುಟದ ಫೋಟೊ ಇರಲಿ.

ಈ ಹಂತದಲ್ಲಿ ತಾಳ್ಮೆ ಕಳೆದುಕೊಂಡವರು ಹಿಡಿಯುವ ಅಡ್ಡದಾರಿ ‘ಫೋರ್ಸ್ ಐಡಿ’. ಗೊತ್ತಿಲ್ಲದ ಚಿಪ್ಪನ್ನು 8728 ಎಂದೇ ತಿಳಿ ಎಂದು ಡ್ರೈವರಿಗೆ ಆಜ್ಞೆ ಮಾಡುವುದು. ಕೆಲವೊಮ್ಮೆ ಅಂಕಿಗಳು ಚೆನ್ನಾಗಿಯೇ ಬರುತ್ತವೆ, ಮೋಸವಾಗುವುದೂ ಅಲ್ಲೇ. ಓದುವ ರಿಜಿಸ್ಟರುಗಳು ಒಂದೇ ಆಗಿದ್ದು ಫ್ಯಾನ್ ನಿಯಂತ್ರಣದವು ಬೇರೆಯಾಗಿದ್ದರೆ, ಯಾವುದೋ ಫ್ಯಾನ್-ಕಂಟ್ರೋಲ್ ಪ್ರೋಗ್ರಾಂ ಬರೆದ ಒಂದು ಬೈಟ್ ಫ್ಯಾನನ್ನು ನಿಲ್ಲಿಸಬಹುದು. ಪ್ರಾಸೆಸರ್ ಕಾದರೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ, ಪಕ್ಕದ ವೋಲ್ಟೇಜ್ ರೆಗ್ಯುಲೇಟರಿಗೂ ಡಿಸ್ಕಿಗೂ ಆ ರಕ್ಷಣೆ ಇರುತ್ತದೆಂದು ನಂಬಿ ಕೂರಲಾಗದು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಇದನ್ನು ಪ್ರಯೋಗ ಮಾಡಿ ನೋಡಬೇಕಾದ ಅಗತ್ಯ ಯಾರಿಗೂ ಇಲ್ಲ. ಫೋರ್ಸ್ ಐಡಿ ಬಳಸಲೇಬೇಕಾದರೆ ಅಂಕಿ ಓದಿ ಬರೆದುಕೊಂಡು ಡ್ರೈವರ್ ಇಳಿಸಿಬಿಡಿ, ಫ್ಯಾನಿನ ವೇಗ ನಿಯಂತ್ರಿಸುವ ಪಿಡಬ್ಲ್ಯೂಎಂ ಫೈಲುಗಳನ್ನು ಮುಟ್ಟಬೇಡಿ. ನುವೋಟಾನ್‌ನ 6683, 6686, 6687ರಂಥ ಚಿಪ್ಪುಗಳಲ್ಲಂತೂ ಒಳಗೆ ಬೋರ್ಡ್ ಕಂಪನಿಯವರ ಫರ್ಮ್‌ವೇರ್ (ಚಿಪ್ಪಿನೊಳಗಿನ ಪ್ರೋಗ್ರಾಂ) ಓಡುತ್ತಿರುತ್ತದೆ. ಒಂದೇ ಗುರುತಿನ ಚಿಪ್ ಎರಡು ಕಂಪನಿಗಳ ಬೋರ್ಡಿನಲ್ಲಿ ಎರಡು ರೀತಿ ವರ್ತಿಸಬಹುದು, ಬೋರ್ಡಿನ ಹೆಸರಿಲ್ಲದ ಗುರುತು ಅಲ್ಲಿ ಉಪಯೋಗಕ್ಕೆ ಬಾರದು.

ಎಸ್‌ಎಂಬಸ್, ಅಂದರೆ ಬೋರ್ಡಿನ ಚಿಪ್ಪುಗಳನ್ನು ಜೋಡಿಸುವ ಎರಡು ತಂತಿಯ ಬಸ್ ಮೇಲೆ ಕೂತ ಸಣ್ಣ ಚಿಪ್ಪುಗಳ ದಾರಿಯೇ ಬೇರೆ. ‘ಐ2ಸಿ-ಡಿಟೆಕ್ಟ್’ ಯಾವ ವಿಳಾಸದಲ್ಲಿ ಯಾರಿದ್ದಾರೆ ಎಂದು ತೋರಿಸುತ್ತದೆ, ‘ಯುಯು’ ಎಂದಿದ್ದರೆ ಅಲ್ಲಿ ಈಗಾಗಲೇ ಒಂದು ಡ್ರೈವರ್ ಇದೆ. ಕರ್ನಲ್ಲಿನ ಸೆನ್ಸರ್ ವಿಭಾಗದ ನಿಯಮದಂತೆ ಡ್ರೈವರುಗಳು ತಾವಾಗಿ ಹುಡುಕಬಹುದಾದ ವಿಳಾಸಗಳು 18–1ಎಫ್, 28–2ಎಫ್, 48–4ಎಫ್, 58, 5ಸಿ, 73, 77 ಮಾತ್ರ. ಈ ಬಿಗಿ ಸುಮ್ಮನೆ ಬಂದದ್ದಲ್ಲ. ಹಿಂದೆ ಐಬಿಎಂನ ಅನೇಕ ಥಿಂಕ್‌ಪ್ಯಾಡ್‌ಗಳಲ್ಲಿದ್ದ ಎಟಿ24ಆರ್‌ಎಫ್08 ಎಂಬ ಮೆಮೊರಿ ಚಿಪ್, ಬರೀ ‘ಇದ್ದೀಯಾ’ ಎಂದು ಕೇಳುವ ಕ್ವಿಕ್ ರೈಟ್ ಆಜ್ಞೆಗೇ ತನ್ನೊಳಗಿನ ಮಾಹಿತಿ ಕೆಡಿಸಿಕೊಳ್ಳುತ್ತಿತ್ತು. ಯಂತ್ರ ಮತ್ತೆ ಏಳುತ್ತಿರಲಿಲ್ಲ. ಇನ್ನೊಂದು ವಿಧಾನವಾದ ರಿಸೀವ್ ಬೈಟ್‌ಗೆ 69ರಲ್ಲಿರುವ ಕ್ಲಾಕ್ ಚಿಪ್ಪುಗಳು ಇಡೀ ಬಸ್ಸನ್ನೇ ಕಟ್ಟಿಹಾಕುತ್ತವೆ. ಆದ್ದರಿಂದ ಐ2ಸಿ-ಡಿಟೆಕ್ಟ್‌ಗೆ ವಿಧಾನ ಬದಲಿಸುವ ಆಯ್ಕೆಗಳನ್ನು ಕೊಡಬೇಡಿ, ಅದು ವಿಳಾಸ ನೋಡಿ ತಾನೇ ಆರಿಸಿಕೊಳ್ಳುತ್ತದೆ.

ಸಿಕ್ಕ ವಿಳಾಸವನ್ನು ಐ2ಸಿ-ಡಂಪ್‌ನಿಂದ ಬೈಟ್ ಬೈಟಾಗಿ ಓದಿದರೆ ತಯಾರಕರ ಗುರುತು ಹಲವು ಸಲ 3ಇಯಲ್ಲೋ ಎಫ್‌ಇಯಲ್ಲೋ ಸಿಗುತ್ತದೆ. 41 ಇದ್ದರೆ ಅನಲಾಗ್ ಡಿವೈಸಸ್, 4ಡಿ ಇದ್ದರೆ ಮ್ಯಾಕ್ಸಿಮ್, 01 ಇದ್ದರೆ ನ್ಯಾಷನಲ್ ಸೆಮಿಕಂಡಕ್ಟರ್. ನ್ಯಾಷನಲ್‌ನ ಎಲ್‌ಎಂ75 ಎಂಬ ಉಷ್ಣಾಂಶದ ಚಿಪ್ಪಿಗೆ ಗುರುತಿನ ರಿಜಿಸ್ಟರೇ ಇಲ್ಲ, ಅದರ ರಿಜಿಸ್ಟರುಗಳು ಪ್ರತಿ 8 ವಿಳಾಸಕ್ಕೊಮ್ಮೆ ಮರುಕಳಿಸುವುದನ್ನು ನೋಡಿಯೇ ಡ್ರೈವರ್ ಅಂದಾಜು ಮಾಡುವುದು. ನ್ಯಾಷನಲ್ ಕಂಪನಿ 2011ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಪಾಲಾಯಿತು. 1985ರಿಂದ ನಮ್ಮ ಬೆಂಗಳೂರಿನಲ್ಲಿರುವ ಟೆಕ್ಸಾಸ್ ಕಂಪನಿ ಎಲ್‌ಎಂ75ರ ಡೇಟಾಶೀಟನ್ನು (ಚಿಪ್ಪಿನ ಪೂರ್ತಿ ವಿವರದ ದಾಖಲೆ) ಯಾರು ಬೇಕಾದರೂ ಓದುವಂತೆ ಇಟ್ಟಿದೆ. ಹಾಗೆ ಡೇಟಾಶೀಟ್ ಸಿಗುವ ಚಿಪ್ಪಿಗೆ ಡ್ರೈವರ್ ಬರೆಯುವವರಿಗೆ ಊಹೆ ಮಾಡುವ ಕಷ್ಟವೇ ಇರುವುದಿಲ್ಲ. ಹೊಸ ಸೂಪರ್ ಐಓ ಚಿಪ್ಪುಗಳ ಪೂರ್ತಿ ಡೇಟಾಶೀಟ್ ಹಲವು ಸಲ ಹೊರಗೆ ಸಿಗುವುದಿಲ್ಲ. ಅದಕ್ಕೇ ಬಳಕೆದಾರರ ಡಂಪ್‌ಗಳಿಗೆ ಇಷ್ಟು ಬೆಲೆ.

ಡ್ರೈವರ್ ನೋಡಿಕೊಳ್ಳುವವರಿಗೆ ವರದಿ ಕಳಿಸುವಾಗ ಡಿಎಂಐಡಿಕೋಡ್ ಎಂಬ ಆಜ್ಞೆ ಹೇಳುವ ಬೋರ್ಡ್ ಕಂಪನಿ, ಮಾಡೆಲ್, ಬಯಾಸ್ ಆವೃತ್ತಿ, ಕರ್ನಲ್ ಆವೃತ್ತಿ, ಚಿಪ್ಪಿನ ಅಚ್ಚು, ಕುಟುಂಬದ ಸಾಲುಗಳ ಸಹಿತ ಸೆನ್ಸರ್ಸ್-ಡಿಟೆಕ್ಟ್ ಔಟ್‌ಪುಟ್, ಮೂರು ಡಂಪ್, ಬಯಾಸ್ ಅಂಕಿಗಳು ಇರಲಿ. ಡಂಪನ್ನು ಪಠ್ಯವಾಗಿಯೇ ಕಳಿಸಿ. ಪರದೆಯ ಫೋಟೊ ಕಳಿಸಿದರೆ ಅಂಕಿಗಳನ್ನು ಯಾರೋ ಕೈಯಿಂದ ಮತ್ತೆ ಬರೆಯಬೇಕಾಗುತ್ತದೆ. ಡಿಎಂಐಡಿಕೋಡ್‌ನ ಸೀರಿಯಲ್ ನಂಬರ್ ಸಾಲುಗಳನ್ನು ಅಳಿಸಿ ಕಳಿಸಿ, ಅವು ಗುರುತಿಗೆ ಬೇಕಿಲ್ಲ.

ಕೊನೆಯದಾಗಿ ಕಂಪ್ಯೂಟರ್ ಮಾರುವವರಿಗೂ, ಹತ್ತಿಪ್ಪತ್ತು ಯಂತ್ರ ಒಟ್ಟಿಗೆ ಕೊಳ್ಳುವ ಶಾಲೆ ಕಾಲೇಜುಗಳಿಗೂ ಒಂದು ಬೇಡಿಕೆ. ಕೊಟೇಷನ್‌ನಲ್ಲಿ ಪ್ರಾಸೆಸರ್, ರ್‍ಯಾಮ್, ಎಸ್‌ಎಸ್‌ಡಿಯ ಹೆಸರು ಬರೆಯುವಂತೆ ಬೋರ್ಡಿನ ಸೂಪರ್ ಐಓ ಚಿಪ್ಪಿನ ಹೆಸರನ್ನೂ ಬರೆಯಿರಿ, ಬರೆಸಿಕೊಳ್ಳಿ. ಬೋರ್ಡಿನ ಮಾಹಿತಿ ಪುಟದಲ್ಲಿ ಅದು ‘ಐಓ ಕಂಟ್ರೋಲರ್’ ಎಂಬ ಸಾಲಿನಲ್ಲಿ ಎಷ್ಟೋ ಸಲ ಇರುತ್ತದೆ. ಇಲ್ಲದಿದ್ದರೆ ಒಂದು ಬೋರ್ಡ್ ಬಿಚ್ಚಿ ಟಾರ್ಚ್ ಹಿಡಿದು ನೋಡಲು ಎರಡು ನಿಮಿಷ ಸಾಕು. ಆ ಹೆಸರು ಕರ್ನಲ್ಲಿನ ಡ್ರೈವರ್ ಪಟ್ಟಿಯಲ್ಲಿದೆಯೇ ಎಂದು ದುಡ್ಡು ಕೊಡುವ ಮೊದಲೇ ನೋಡಿಕೊಳ್ಳಬಹುದು.

ಇಂತಿ,
ಕಂಪ್ಯೂಟರ್ ದುರಸ್ತಿ ವೃತ್ತಿಯ ಓದುಗ, ಹುಬ್ಬಳ್ಳಿ